ಹಾಸಿಗೆ ಅಂಗಡಿಯಿಂದ ಹಿಮದ ಬೆಟ್ಟಕ್ಕೆ

“ಈ ಚಳಿಗಾಲ ಹಿಮದ ಬೆಟ್ಟದ ತುದಿಯಿಂದ ಬುಡದವರೆಗೆ ನಿಂತುಕೊಂಡೇ ಜಾರಿ ಬರದಿದ್ದರೆ ನನ್ನ ಹೆಸರು ಬದಲಾಯಿಸಿ!”

ಹೀಗೆಂದು ನಾನು ಘೋಷಿಸಿದ್ದು ಯಾವ ಪರ್ವತದ ನೆತ್ತಿಯಲ್ಲೂ ಅಲ್ಲ, ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ. ಬಲ್ಬು ಬದಲಾಯಿಸಲೆಂದು ಹತ್ತಿದ್ದೆ. ಸ್ವಲ್ಪ ಎತ್ತರಕ್ಕೆ ಹೋದರೆ ಸಾಕು, ನನ್ನ ಬಾಯಿಂದ ದೊಡ್ಡ ದೊಡ್ಡ ಮಾತುಗಳು ತಾವಾಗಿಯೇ ಹೊರಡುತ್ತವೆ.

“ಮೊದಲು ಆ ಸ್ಟೂಲಿನಿಂದ ಜಾರದೆ ಇಳೀರಿ,” ಎಂದಳು ನನ್ನಾಕೆ.

ಹಾಗೆ ಅಂದಳೇ ಹೊರತು ಅವಳ ಕಣ್ಣು ಮಿಂಚಿದ್ದು ಬಲ್ಬಿಲ್ಲದೆಯೂ ನನಗೆ ಕಂಡಿತು. ಹಿಮವನ್ನು ಕೈಯಲ್ಲಿ ಹಿಡಿಯಬೇಕೆಂಬುದು ಅವಳ ಚಿಕ್ಕಂದಿನ ಆಸೆ. ಮದುವೆಯಾದಂದಿನಿಂದ ನಾನು ಅವಳಿಗೆ ತೋರಿಸಿದ ಹಿಮವೆಂದರೆ ಫ್ರಿಜ್ಜಿನೊಳಗೆ ಕಟ್ಟಿಕೊಂಡದ್ದು ಮಾತ್ರ. ಅದನ್ನೂ ಅವಳೇ ಚಮಚದಿಂದ ಕೆರೆದು ತೆಗೆಯಬೇಕಿತ್ತು. ಈ ಸಲ ನಿಜವಾದ ಹಿಮ ತೋರಿಸಿಯೇ ತೀರಬೇಕೆಂದು ನನಗೂ ಮನಸ್ಸಿನಲ್ಲಿತ್ತು.

ಅಡ್ಡಿ ಇದ್ದದ್ದು ಒಂದೇ. ಬೆಟ್ಟದ ಮೇಲಿನ ಮರದ ಮನೆಯನ್ನು ನಾಲ್ವರು ಸೇರಿದರೆ ಮಾತ್ರ ಬಾಡಿಗೆಗೆ ಕೊಡುತ್ತಿದ್ದರು. ನಾವಿಬ್ಬರು, ನಮ್ಮ ಬೀದಿಯ ಹಲ್ಲಿನ ಡಾಕ್ಟರು, ಅವರ ಹೆಂಡತಿ ಗಣಿತದ ಮೇಡಂ, ಹೀಗೆ ಲೆಕ್ಕ ಸರಿಯಾಗಿತ್ತು. ಮೇಡಂ ಒಪ್ಪಿದ್ದರು. ಡಾಕ್ಟರು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

“ನೋಡಿ, ಸಮುದ್ರದ ದಂಡೆಗೆ ಹೋಗೋಣ,” ಎಂದರು. “ಅಲ್ಲಿ ಯಾರೂ ಬೀಳೋ ಭಯ ಇಲ್ಲ. ಆಗಲೇ ಎಲ್ಲರೂ ಮಲಗಿರ್ತಾರೆ!”

“ಡಾಕ್ಟ್ರೇ, ಬಿದ್ರೆ ಏನಾಯ್ತು? ಹಿಮ ಅಂದ್ರೆ ಮೆತ್ತಗೆ ಹಾಸಿಗೆ ಇದ್ದ ಹಾಗೆ.”

“ನಿಮಗೆ ಲೋಕವೆಲ್ಲಾ ಹಾಸಿಗೇನೇ. ನನ್ನ ಮಂಡಿ ಕೇಳಬೇಕಲ್ಲ? ಇಷ್ಟಕ್ಕೂ ಅಷ್ಟು ಜನರ ಎದುರಿಗೆ…” ಎಂದು ಅರ್ಧಕ್ಕೇ ನಿಲ್ಲಿಸಿ ಕಾಫಿ ಕುಡಿದರು.

ಲೋಕವೆಲ್ಲ ಹಾಸಿಗೆಯಾಗಿ ಕಾಣದೆ ಇನ್ನೇನು? ನಮ್ಮದು ಹಾಸಿಗೆ ಅಂಗಡಿ. ಆ ಮಾತಿನಿಂದಲೇ ನನಗೆ ಒಂದು ದಿವ್ಯವಾದ ಉಪಾಯ ಹೊಳೆಯಿತು. “ಭಾನುವಾರ ನಮ್ಮ ಅಂಗಡಿಗೆ ಬನ್ನಿ. ಜಾರೋದು ಎಷ್ಟು ಸುಲಭ ಅಂತ ನಾನೇ ಮಾಡಿ ತೋರಿಸ್ತೀನಿ. ಅದನ್ನ ನೋಡಿದ ಮೇಲೂ ಬೇಡ ಅಂದ್ರೆ ಸಮುದ್ರಕ್ಕೇ ಹೋಗೋಣ!”

ನನ್ನಾಕೆ ನನ್ನತ್ತ ನೋಡಿದ ನೋಟದಲ್ಲಿ ಅವಳ ಹಿಮವೆಲ್ಲ ಅಲ್ಲೇ ಕರಗಿ ನೀರಾದದ್ದು ಕಂಡಿತು.

ಈಗ ನಮ್ಮ ಅಂಗಡಿಯ ವಿಷಯ ಹೇಳಬೇಕು. ಇಳಿಜಾರಿನ ಬೀದಿಯ ಮೇಲ್ತುದಿಯಲ್ಲಿದೆ ಅದು. ಗೋದಾಮು ಮಹಡಿಯಲ್ಲಿ. ಹಾಸಿಗೆ ಹೊತ್ತು ಮೆಟ್ಟಿಲಿಳಿದರೆ ಸೊಂಟ ಉಳಿಯುವುದಿಲ್ಲವೆಂದು ಮೇಲಿನಿಂದ ಕೆಳಗಿನವರೆಗೆ ನುಣುಪಾದ ಮರದ ಜಾರುಹಲಗೆ ಹಾಕಿಸಿದ್ದೇವೆ. ಮೇಲಿಂದ ಒಂದು ತಳ್ಳು ತಳ್ಳಿದರೆ ಹಾಸಿಗೆ ಸುಯ್ಯೆಂದು ಜಾರಿ, ಕೆಳಗೆ ಕಾದು ನಿಂತ ತಗ್ಗಾದ ತಳ್ಳುಗಾಡಿಯ ಮೇಲೆ ಬಂದು ಬೀಳುತ್ತದೆ. ಗಾಡಿಯನ್ನು ಹಾಗೇ ಬಾಗಿಲ ಹೊರಗೆ ತಳ್ಳಿಕೊಂಡು ಹೋಗುವುದು. ಹಿಮವೊಂದನ್ನು ಬಿಟ್ಟು ಸ್ಕೀಯಿಂಗಿಗೆ ಬೇಕಾದದ್ದೆಲ್ಲ ಅಲ್ಲಿತ್ತು!

ಹಳೆ ಸಾಮಾನಿನ ಅಂಗಡಿಯಿಂದ ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನೂ ಊರುಗೋಲುಗಳನ್ನೂ, ಪಟ್ಟಿ ಸಿಕ್ಕಿಸುವ ಬೂಟುಗಳನ್ನೂ ತಂದೆ. ಬೂಟು ಸ್ವಲ್ಪ ಬಿಗಿ. ಸ್ವಲ್ಪವೆಂದರೆ, ಹಾಕಿಕೊಳ್ಳುವಾಗ ನನ್ನಾಕೆ ಹಿಂದಿನಿಂದ ಒತ್ತಬೇಕಾಯಿತು. ಶನಿವಾರ ಸಂಜೆ ಅಭ್ಯಾಸಕ್ಕೆಂದು ಕಾಲು ತೂರಿಸಿ ಕೊಂಡಿ ಹಾಕಿದವನಿಗೆ ಆಮೇಲೆ ಕೊಂಡಿ ಬಿಚ್ಚಲು ಬರಲಿಲ್ಲ. ಎಳೆದೆ, ತಿರುಚಿದೆ, ಎಣ್ಣೆ ಬಿಟ್ಟೆ. ಕೊಂಡಿ ಅಲ್ಲಾಡಲಿಲ್ಲ, ನಾನೇ ಕುರ್ಚಿಯಿಂದ ಉರುಳಿದೆ.

“ಯಾಕ್ರೀ, ಬಿಚ್ಚೋಕೆ ಬರ್ತಿಲ್ವಾ?”

“ಯಾರು ಹೇಳಿದ್ದು? ಕಾಲಿಗೆ ಒಗ್ಗಲಿ ಅಂತ ಹಾಗೇ ಬಿಟ್ಟಿದೀನಿ!”

ಬೂಟು ಹಾಕಿಕೊಂಡೇ ಊಟ ಮಾಡಿದೆ, ಬೂಟು ಹಾಕಿಕೊಂಡೇ ಮಲಗಿದೆ. “ಹೊದಿಕೆಯೊಳಗೆ ಕಬ್ಬಿಣದ ಬೀರು ಇಟ್ಕೊಂಡ ಹಾಗಿದೆ,” ಎಂದು ನನ್ನಾಕೆ ದಿಂಬು ಎತ್ತಿಕೊಂಡು ಸೋಫಾಕ್ಕೆ ಹೋದಳು.

ಭಾನುವಾರ ಬಂತು. ಡಾಕ್ಟರು ಒಬ್ಬ ರೋಗಿಯ ದವಡೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅದು ಹಿಡಿಯುವಷ್ಟರಲ್ಲಿ ನೋಡಿಹೋಗೋಣವೆಂದು ಬಿಳಿ ಕೋಟಿನಲ್ಲೇ ಬಂದರು. ಅವರ ಕ್ಲಿನಿಕ್ಕು ಇರುವುದು ನಮ್ಮದೇ ಬೀದಿಯ ಕೆಳತುದಿಯಲ್ಲಿ. ಮೇಡಂ ಫೋನು ಹಿಡಿದು ವೀಡಿಯೋಗೆ ಸಜ್ಜಾದರು. ನಾನು ಮಹಡಿಯಲ್ಲಿ, ಜಾರುಹಲಗೆಯ ತುದಿಯಲ್ಲಿ, ಬೂಟಿಗೆ ಪಟ್ಟಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ರಣಧೀರನಂತೆ ನಿಂತಿದ್ದೆ. ಕೆಳಗೆ ತಳ್ಳುಗಾಡಿಯ ಮೇಲೆ ನಮ್ಮ ಅಂಗಡಿಯ ಅತ್ಯಂತ ದಪ್ಪನೆಯ ಹಾಸಿಗೆ ಹಾಸಿದ್ದೆ. ಬೇರೆಲ್ಲಾದರೂ ಹಾಸಬಹುದೆಂದು ತೋಚಲೇ ಇಲ್ಲ. ಮೇಲಿಂದ ಜಾರಿದ್ದು ಗಾಡಿಯ ಮೇಲೆಯೇ ಬೀಳಬೇಕು, ಅದು ನಮ್ಮ ಅಂಗಡಿಯ ಪದ್ಧತಿ!

“ರೀ, ಗಾಡಿ ಗಾಲಿಗೆ ಇಟ್ಟಿಗೆ ಇಟ್ರಾ?” ನನ್ನಾಕೆ ಕೂಗಿದಳು.

“ಹೊರಡೋ ಹೊತ್ತಿಗೆ ಇಟ್ಟಿಗೆ, ಮಣ್ಣು ಅಂತೀಯಲ್ಲ, ಸುಮ್ನಿರೇ!” ಎಂದು ಗದರಿದೆ. “ಡಾಕ್ಟ್ರೇ, ಸರಿಯಾಗಿ ನೋಡಿ. ಮೊದಲು ಮಂಡಿ ಬಗ್ಗಿಸಬೇಕು. ಆಮೇಲೆ ನಿಧಾನಕ್ಕೆ…”

ಆ ‘ನಿಧಾನಕ್ಕೆ’ ಎಂಬ ಶಬ್ದ ಮಹಡಿಯಲ್ಲೇ ಉಳಿಯಿತು. ನಾನು ಕೆಳಗಿದ್ದೆ.

ನಡುವೆ ಏನಾಯಿತೋ ನನಗೆ ತಿಳಿಯದು. ಮೇಡಂ ಅವರ ವೀಡಿಯೋ ಪ್ರಕಾರ ಒಂದು ಪಟ್ಟಿ ಕಳಚಿ ಎಡಕ್ಕೆ ಹೋಯಿತು, ಇನ್ನೊಂದು ಬಲಕ್ಕೆ ಹೋಯಿತು, ನಾನು ಮಧ್ಯದಲ್ಲಿ ಅಂಗಾತವಾಗಿ ಬಂದೆ. ಆದರೆ ಬಿದ್ದದ್ದು ಮಾತ್ರ ಹಾಸಿಗೆಯ ನಟ್ಟನಡುವೆ! ಒಂಚೂರೂ ನೋವಿಲ್ಲ!

“ನೋಡಿದ್ರಾ ಡಾಕ್ಟ್ರೇ, ಹೇಗಿತ್ತು?” ಎಂದು ವಿಜಯದ ನಗೆ ಬೀರಿ ತಲೆಯೆತ್ತಿದರೆ ಡಾಕ್ಟರು ಹಿಂದೆ ಹಿಂದೆ ಹೋಗುತ್ತಿದ್ದರು. ಬಾಗಿಲೂ ಹಿಂದೆ ಹೋಯಿತು. ನಮ್ಮ ಅಂಗಡಿಯ ಬೋರ್ಡು ತಲೆಯ ಮೇಲೆ ಹಾದುಹೋಯಿತು. ಅವರ್‍ಯಾರೂ ಚಲಿಸುತ್ತಿಲ್ಲ, ಚಲಿಸುತ್ತಿರುವುದು ನನ್ನ ಗಾಡಿ ಎಂದು ಅರ್ಥವಾಗುವಷ್ಟರಲ್ಲಿ ನಾನು ಬೀದಿಯಲ್ಲಿದ್ದೆ.

ಇಟ್ಟಿಗೆ ಇಟ್ಟಿರಲಿಲ್ಲ.

ಇಳಿಜಾರಿನಲ್ಲಿ ರಥ ವೇಗ ಹಿಡಿಯಿತು. ಇಳಿದು ಓಡೋಣವೆಂದರೆ ಆ ಬೂಟಿನಲ್ಲಿ ನಿಲ್ಲುವುದೇ ಕಷ್ಟ! ಕ್ಷೌರದ ಅಂಗಡಿಯವನು ಗಿರಾಕಿಯ ಅರ್ಧ ಮೀಸೆ ಬಿಟ್ಟು ಹೊರಗೆ ಬಂದ. ಸೈಕಲ್ ರಿಪೇರಿಯವನು, “ಅಣ್ಣಾ, ಇದು ಹೊಸ ಡೆಲಿವರಿನಾ?” ಎಂದು ಕೇಳಿದ. ಉತ್ತರ ಕೊಡುವ ಹೊತ್ತಿಗೆ ನಾನು ನಾಲ್ಕು ಅಂಗಡಿ ಮುಂದಿದ್ದೆ. ಹಿಂದಿನಿಂದ ನನ್ನಾಕೆ, “ಬ್ರೇಕ್ ಹಾಕ್ರೀ!” ಎಂದು ಕೂಗುತ್ತಿದ್ದಳು. ಹಾಸಿಗೆಗೆ ಬ್ರೇಕ್ ಇಡುವುದು ಈವರೆಗೆ ಯಾವ ಕಂಪನಿಗೂ ಹೊಳೆದಿಲ್ಲ.

ಎಲ್ಲರಿಗಿಂತ ಮುಂದೆ ಓಡಿ ಬರುತ್ತಿದ್ದವರು ಡಾಕ್ಟರು. ಮಂಡಿನೋವೆಂದವರ ಬಿಳಿ ಕೋಟು ಗಾಳಿಯಲ್ಲಿ ಪಟಪಟ ಹಾರುತ್ತಿತ್ತು. “ನನ್ನ ಗಾಜಿನ ಬಾಗಿಲು! ನನ್ನ ಗಾಜಿನ ಬಾಗಿಲು!” ಎಂದು ಒಂದೇ ಸಮನೆ ಅರಚುತ್ತಿದ್ದರು. ತಲೆ ತಿರುಗಿಸಿದೆ. ಬೀದಿಯ ಕೊನೆಯಲ್ಲಿ ಅವರ ಕ್ಲಿನಿಕ್ಕಿನ ಹೊಸ ಗಾಜಿನ ಬಾಗಿಲು ಬಿಸಿಲಿಗೆ ಫಳಫಳನೆ ಹೊಳೆಯುತ್ತ ನನ್ನತ್ತಲೇ ಬರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

ನನ್ನ ಪುಣ್ಯ, ಹೊರಗಿನ ಗದ್ದಲ ಏನೆಂದು ನೋಡಲು ದವಡೆ ಮರಗಟ್ಟಿದ ಆ ರೋಗಿ ಸರಿಯಾಗಿ ಅದೇ ಕ್ಷಣಕ್ಕೆ ಬಾಗಿಲು ತೆರೆದ. ವ್ಹೀಲ್‌ಚೇರಿಗೆಂದು ಮೆಟ್ಟಿಲಿಲ್ಲದೆ ಕಟ್ಟಿಸಿದ ಬಾಗಿಲದು. ನಾನು ಹಾಸಿಗೆ ಸಮೇತ ಒಳಗೆ ಹೋಗಿ, ಕಾಯುವವರ ಸೋಫಾಕ್ಕೆ ಮೆತ್ತಗೆ ಮುತ್ತಿಟ್ಟು ನಿಂತೆ.

ರೋಗಿ ನನ್ನನ್ನೂ ನನ್ನ ಹಾಸಿಗೆಯನ್ನೂ ನೋಡಿದ. ಓಡಿ ಬಂದ ಡಾಕ್ಟರಿಗೆ ಸೊಟ್ಟ ಬಾಯಿಯಲ್ಲೇ, “ನಂದು ಪವ್ವಾಗಿಲ್ಲ ಡಾಕ್ತ್ರೇ, ಮೊದ್ಲು ಇವ್ರನ್ನ ನೋದಿ,” ಎಂದ.

ಅಷ್ಟರಲ್ಲಿ ಹೆಂಗಸರಿಬ್ಬರೂ ಏದುಸಿರು ಬಿಡುತ್ತ ಬಂದರು. ಈಗ ನಾನು ಬೂಟಿನ ನಿಜ ಸಂಗತಿ ಒಪ್ಪಿಕೊಳ್ಳಲೇಬೇಕಾಯಿತು. ಕಾಲು ಊದಿಕೊಂಡು ಪ್ರಾಣ ಹೋಗುತ್ತಿತ್ತು. ನನ್ನನ್ನು ಹಲ್ಲಿನ ಕುರ್ಚಿಯಲ್ಲಿ ತಲೆಕೆಳಗಾಗಿ ಮಲಗಿಸಿದರು. ತಲೆಯಿಡುವ ಕಡೆ ಕಾಲು, ಕಾಲಿಡುವ ಕಡೆ ತಲೆ. ಡಾಕ್ಟರು ದೊಡ್ಡ ದೀಪವನ್ನು ಬೂಟಿನ ಮೇಲೆ ತಿರುಗಿಸಿ, ಇಕ್ಕಳ ಹಿಡಿದು ಕೊಂಡಿಗೆ ಕೈಹಾಕಿದರು.

“ಸ್ವಲ್ಪ ಒತ್ತಿದ ಹಾಗೆ ಆಗುತ್ತೆ, ಅಷ್ಟೆ. ಎಲ್ಲಿ, ಬಾಯಿ ತೆಗೀರಿ.”

“ಡಾಕ್ಟ್ರೇ, ಬಾಯಿ ಯಾಕೆ?”

“ಓ, ಅಭ್ಯಾಸ ಬಲ!”

ಹೇಳುವ ಅಗತ್ಯವೇ ಇರಲಿಲ್ಲ, ಮೊದಲ ಎಳೆತಕ್ಕೇ ಬಾಯಿ ತಾನಾಗಿ ತೆರೆದುಕೊಂಡಿತು. ನನ್ನಾಕೆ ಹೆಗಲು ಹಿಡಿದಳು, ಮೇಡಂ ಕುರ್ಚಿ ಹಿಡಿದರು, ಡಾಕ್ಟರು ಬೂಟು ಹಿಡಿದು ಹಿಂದಕ್ಕೆ ವಾಲಿದರು. ಬುಡ ಗಟ್ಟಿಯಾದ ದವಡೆ ಹಲ್ಲಿನ ಹಾಗೆ ಒಂದೊಂದೇ ಬೂಟು ಕಿತ್ತು ಬಂತು.

ನಾನು ಕಾಲು ತಿಕ್ಕಿಕೊಳ್ಳುತ್ತ ನನ್ನಾಕೆಯ ಮುಖ ನೋಡಿದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ, “ಹೋಗಲಿ ಬಿಡಿ, ಸಮುದ್ರಾನೂ ಚೆನ್ನಾಗೇ ಇರುತ್ತೆ,” ಎಂದಳು. ಬೂಟಿಗಿಂತ ಹೆಚ್ಚಾಗಿ ನನಗೆ ನೋವಾದದ್ದು ಆ ಮಾತಿಗೆ. ಅವಳ ಹಿಮವನ್ನು ನನ್ನ ಕೈಯಾರೆ ಕಳೆದಿದ್ದೆ.

ಆಗ ಮೂಲೆಯಿಂದ ಕಿಸಿಕಿಸಿ ನಗುವ ಸದ್ದು ಕೇಳಿತು. ಡಾಕ್ಟರು ಹೆಂಡತಿಯ ಫೋನಿನಲ್ಲಿ ವೀಡಿಯೋ ನೋಡುತ್ತಿದ್ದರು. ಮತ್ತೆ ಹಿಂದಕ್ಕೆ ಸರಿಸಿ ನೋಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಸಮುದ್ರ ಬೇಡ! ಹಿಮಕ್ಕೇ ಹೋಗೋಣ! ಇವತ್ತೇ ಆ ಮನೆಗೆ ಫೋನ್ ಮಾಡಿ!”

“ಬೀಳೋ ಭಯ ಹೋಯ್ತಾ ಡಾಕ್ಟ್ರೇ?” ನಾನು ಎದೆಯುಬ್ಬಿಸಿ ಕೇಳಿದೆ.

“ಬೀಳೋ ಭಯ ಯಾರಿಗ್ರೀ ಇತ್ತು?” ಎಂದರು. “ಇಡೀ ಬೆಟ್ಟದಲ್ಲಿ ನಾನೊಬ್ಬನೇ ಬಿದ್ದು ಎಲ್ಲರೂ ನನ್ನನ್ನ ನೋಡಿ ನಗ್ತಾರೇನೋ ಅಂತ ನಾಚಿಕೆ ಇತ್ತು. ನೀವು ಜೊತೆಗಿರುವಾಗ ನನ್ನ ಕಡೆ ಯಾರು ತಿರುಗಿ ನೋಡ್ತಾರೆ!”

ನನ್ನಾಕೆ ಮಗುವಿನಂತೆ ಚಪ್ಪಾಳೆ ತಟ್ಟಿದಳು. ಅವಳ ಸಂತೋಷ ನೋಡಿ ನನಗೂ ಹೃದಯ ತುಂಬಿ ಬಂತು. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನೇ ಅಲ್ಲ. ಮನೆಗೆ ಬರುವ ದಾರಿಯಲ್ಲಿ, ಬರಿಗಾಲಲ್ಲಿ ಗಾಡಿ ತಳ್ಳುತ್ತ, “ನೋಡಿದ್ಯಾ? ಒಪ್ಪಿಸಿದೆನೋ ಇಲ್ವೋ? ಇನ್ನು ಬೆಟ್ಟದಲ್ಲಿ ನೋಡ್ತಿರು, ಬಾಣದ ಹಾಗೆ ಜಾರ್ತೀನಿ!” ಎಂದೆ.

ಅವಳು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡಳು.

“ರೀ, ದಮ್ಮಯ್ಯ ಅಂತೀನಿ, ಹಾಗೆಲ್ಲ ಮಾಡ್ಬೇಡಿ! ನೀವು ಅಪ್ಪಿತಪ್ಪಿ ಚೆನ್ನಾಗಿ ಜಾರಿದ್ರೆ ಡಾಕ್ಟ್ರು ಧೈರ್ಯಗೆಟ್ಟು ಅರ್ಧದಲ್ಲೇ ವಾಪಸ್ ಹೊರಡ್ತಾರೆ. ಎಷ್ಟು ಸಲ ಆಗುತ್ತೋ ಅಷ್ಟು ಸಲ ಬೀಳ್ತೀನಿ ಅಂತ ಮಾತು ಕೊಡಿ!”

ಕೊಟ್ಟೆ. ನನ್ನ ಜೀವಮಾನದಲ್ಲಿ ಉಳಿಸಿಕೊಳ್ಳುವ ಬಗ್ಗೆ ಕಿಂಚಿತ್ತೂ ಅನುಮಾನವಿಲ್ಲದೆ ನಾನು ಅವಳಿಗೆ ಕೊಟ್ಟ ಮಾತು ಅದೊಂದೇ!