ಮಾವನವರ ಹೆಸರಿನಲ್ಲೊಂದು ಲ್ಯಾಪ್‌ಟಾಪ್

ನನಗೆ ಟೋಪಿ ಹಾಕುವ ಅಂಗಡಿಯವನು ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆ ಮೊನ್ನೆ ಮೊನ್ನೆಯವರೆಗೂ ನನಗಿತ್ತು. ಅದಕ್ಕೆ ಆಧಾರವೂ ಇತ್ತು. ಯಾವ ಅಂಗಡಿಯಲ್ಲೂ ನಾನು ನನಗೇನು ಬೇಕು ಎಂದು ಬಾಯಿ ಬಿಡುವವಳಲ್ಲ. ಸೀರೆ ಬೇಕಿದ್ದರೆ ಮೊದಲು ಟವೆಲ್ ನೋಡುತ್ತೇನೆ. ಟವೆಲ್ ಮಗುಚಿ ಹಾಕುತ್ತಲೇ, ‘ಅದೇನು ಆ ಮೂಲೆಯಲ್ಲಿ ಬಿದ್ದಿರೋದು?’ ಎಂದು ಬೇಸರದಿಂದ ಕೇಳುತ್ತೇನೆ. ಆ ಮೂಲೆಯಲ್ಲಿರುವುದೇ ನನಗೆ ಬೇಕಾದ ಸೀರೆ! ಅದನ್ನು ಎರಡು ಬೆರಳಲ್ಲಿ ಎತ್ತಿ, ಮೂಗು ಮುರಿದು, ಬೇಡವೆಂದು ಎದ್ದು ನಡೆದರೆ ಅಂಗಡಿಯವನು ಹಿಂದಿನಿಂದ ಕರೆದೇ ಕರೆಯುತ್ತಾನೆ. ನಮ್ಮ ಗರಜು ಅವನಿಗೆ ಗೊತ್ತಾಗಬಾರದು, ಅಷ್ಟೇ. ರಾಯಚೂರಿನ ಬಜಾರಿನಲ್ಲಿ ನಮ್ಮವ್ವನ ಸೆರಗು ಹಿಡಿದು ಕಲಿತ ಈ ವಿದ್ಯೆಯಿಂದಲೇ ನಾನು ಹೈದರಾಬಾದಿನಲ್ಲಿ ಇಷ್ಟು ವರ್ಷ ಸಂಸಾರ ನಡೆಸಿದ್ದು.

ನನ್ನ ಕಸುಬು ಅಡುಗೆಮನೆ ಡಿಸೈನ್ ಮಾಡುವುದು. ತಾರ್ನಾಕದ ನಮ್ಮ ಮನೆಯ ಊಟದ ಮೇಜೇ ನನ್ನ ಆಫೀಸು. ಇನ್ನೂ ಕಟ್ಟದ ಅಡುಗೆಮನೆಯನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ, ಗಿರಾಕಿಗಳನ್ನು ಅದರೊಳಗೆ ನಡೆದಾಡಿಸಿ, ಕಪಾಟಿನ ಬಾಗಿಲು ತೆರೆದು ತೋರಿಸುತ್ತೇನೆ. ಅವರು ಒಪ್ಪಿದರೆ ನಾಚಾರಂನ ಕಾರ್ಖಾನೆಯೊಂದರಲ್ಲಿ ಮಾಡಿಸಿ ಕೂಡಿಸುತ್ತೇನೆ. ಇದುವರೆಗೆ ಒಂದೊಂದೇ ಮನೆಯ ಕೆಲಸ ಸಿಗುತ್ತಿತ್ತು. ಈ ಸಲ ಉಪ್ಪಲ್‌ನ ಬಿಲ್ಡರ್ ಒಬ್ಬರು ತಮ್ಮ ಹೊಸ ಅಪಾರ್ಟ್‌ಮೆಂಟಿನ ಅಷ್ಟೂ ಅಡುಗೆಮನೆಗಳಿಗೆ ಡಿಸೈನ್ ತೋರಿಸಲು ಕರೆದಿದ್ದರು. ಇದೊಂದು ಕೈಗೆ ಹತ್ತಿದರೆ ಒಂದು ಸಣ್ಣ ಮಳಿಗೆ ಹಿಡಿದು, ಹೊರಗೆ ನನ್ನ ಹೆಸರಿನ ಬೋರ್ಡು ತೂಗುಹಾಕಿ, ಊಟದ ಮೇಜನ್ನು ಊಟಕ್ಕೆ ಬಿಟ್ಟುಕೊಡುವ ಆಸೆ ನನಗೆ ಬಹಳ ದಿನದಿಂದ ಇತ್ತು. ಆದರೆ ನನ್ನ ಹಳೆಯ ಲ್ಯಾಪ್‌ಟಾಪು ಮೇಲಿನ ಕಪಾಟಿನ ಬಾಗಿಲು ತೆರೆದರೆ ಸಾಕು, ಅಲ್ಲಿಯೇ ಕಲ್ಲಾಗಿ ನಿಲ್ಲುತ್ತಿತ್ತು. ಹೊಸದು ಬೇಕೇ ಬೇಕಾಯಿತು.

ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಲ್ಲಿ ಬಿಸಿನೆಸ್ ಮಾಡೆಲ್ ತೆರೆದೆ. ಪ್ರೊಸೆಸರ್, ಮೆಮೊರಿ, ಸ್ಕ್ರೀನು, ಕೀಬೋರ್ಡು, ಗ್ರಾಫಿಕ್ಸ್ ಕಾರ್ಡು, ಪ್ರತಿಯೊಂದನ್ನೂ ನಾವೇ ಆರಿಸಬೇಕಂತೆ. ಆದರೆ ನಾನು ಆರಿಸುವ ಮೊದಲೇ ಎಲ್ಲದರ ಮುಂದೆ ‘ನಿಮಗೆ ಸೂಕ್ತ’ ಎಂದು ಯಾರೋ ಗುರುತು ಹಾಕಿಟ್ಟಿದ್ದರು. ನನ್ನನ್ನು ಕಂಡೇ ಇಲ್ಲದವನಿಗೆ ನನಗೇನು ಸೂಕ್ತವೆಂದು ಹೇಗೆ ಗೊತ್ತು? ಇದರಲ್ಲಿ ಏನೋ ಇದೆ ಎನ್ನಿಸಿತು. ಮನುಷ್ಯರ ಹತ್ತಿರ ಮಾತಾಡದೆ ವ್ಯಾಪಾರ ಮಾಡಬಾರದೆಂದು ನನ್ನ ನಂಬರು ಕೊಟ್ಟು ಕಾದೆ.

ಫೋನ್ ಬಂತು. ಶಿವರಾಜ ಎಂಬ ಹುಡುಗ ಹಿಂದಿಯಲ್ಲಿ ಶುರು ಮಾಡಿದ. ನನ್ನ ಹಿಂದಿ ಕೇಳಿ ಎರಡನೇ ಮಾತಿಗೇ ಕನ್ನಡಕ್ಕೆ ಇಳಿದ.

“ಅಕ್ಕಾರ, ನೀವು ರಾಯಚೂರು ಕಡೆಯೋರೇನ್ರಿ? ನಮ್ದು ಸೇಡಂ ರೀ.”

ನಾನು ತಕ್ಷಣ ಹುಷಾರಾದೆ. ಊರಿನ ನಂಟು ತೆಗೆಯುವ ವ್ಯಾಪಾರಿಯ ಹತ್ತಿರ ಜೇಬನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಬೇಕು.

“ಯಾವ ಕೆಲಸಕ್ಕ ಬೇಕಾಗಿತ್ರಿ ಲ್ಯಾಪ್‌ಟಾಪು?”

“ನನಗಲ್ಲಪಾ. ನಮ್ಮ ಮಾವನೋರಿಗೆ.”

ಎದುರಿಗೆ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ತಲೆ ಎತ್ತಿ ನೋಡಿದರು. ಅವರ ಅಪ್ಪ, ಅಂದರೆ ನನ್ನ ಮಾವನವರು, ರಾಯಚೂರಿನಲ್ಲಿ ಗುಂಡುಕಲ್ಲಿನಂತೆ ಇದ್ದಾರೆ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾರೆ. ಕಂಪ್ಯೂಟರನ್ನು ಮಾತ್ರ ಈವರೆಗೆ ಮುಟ್ಟಿದವರಲ್ಲ.

“ಹಿರಿಯರು ಏನ್ ಧಂದೆ ಮಾಡ್ತಾರ್ರಿ?” ಶಿವರಾಜ ಕೇಳಿದ.

“ಹುಣಸೆಹಣ್ಣಿನ ವ್ಯಾಪಾರ. ರೇಟ್ ನೋಡೋದು, ಭಜನಿ ಕೇಳೋದು, ಅಷ್ಟ. ಎಂಬತ್ತು ದಾಟ್ಯಾವು ಅವರಿಗೆ.”

“ಹಂಗಾರ ಗ್ರಾಫಿಕ್ಸ್ ಕಾರ್ಡು ಬ್ಯಾಡ ಬಿಡ್ರಿ. ಸುಮ್ನ ದಂಡ. ತಗದ ಬಿಡ್ತೀನಿ.”

ಚಿತ್ರಗಳನ್ನು ಸರಸರನೆ ಓಡಿಸುವ ಆ ಕಾರ್ಡೇ ನನ್ನ ಕಸುಬಿನ ಜೀವ. ಮೂಲೆಯ ಸೀರೆ ಅದೇ! ಅವನು ಅದನ್ನು ಮಾರಲು ಒದ್ದಾಡಬೇಕು, ನಾನು ಬೇಡವೆನ್ನಬೇಕು, ಅವನು ದರ ಇಳಿಸಬೇಕು, ಅದು ಕ್ರಮ. ಇವನೋ ತಾನೇ ತೆಗೆದು ಒಳಗಿಟ್ಟುಬಿಟ್ಟ. ಇದು ನನ್ನ ವರಸೆಯನ್ನೇ ನನ್ನ ಮೇಲೆ ಹಾಕುವ ಆಟವೆಂದು ಅರ್ಥವಾಯಿತು. ನಾನೂ ಬಿಗಿಯಾಗಿ ಕೂತೆ. ಅವನಾಗಿಯೇ ಕರೆಯಲಿ.

ಅವನು ಕರೆಯಲಿಲ್ಲ. “ಕಣ್ಣು ಹ್ಯಾಂಗದಾವ್ರಿ ಹಿರಿಯರದು?” ಎಂದ.

ಕಣ್ಣು ಕಾಣದವರಿಗೆ ಒಳ್ಳೆಯ ಸ್ಕ್ರೀನ್ ಯಾಕೆ, ಅಗ್ಗದ್ದು ಹಾಕುತ್ತಾನೆ ಎಂದುಕೊಂಡು, “ಪೂರಾ ಮಬ್ಬು” ಎಂದೆ. ಅವನು ಇರುವುದರಲ್ಲೇ ದೊಡ್ಡ ಸ್ಕ್ರೀನ್ ಹಾಕಿದ. ಕಿವಿಯೂ ಅಷ್ಟಕ್ಕಷ್ಟೇ ಎಂದೆ. ಗಟ್ಟಿ ಧ್ವನಿಯ ಸ್ಪೀಕರ್ ಬಂತು. ಕೈ ನಡುಗುತ್ತವೆಯೇ ಎಂದು ಕೇಳಿದ. ಬಹಳ ನಡುಗುತ್ತವೆ ಎಂದೆ. ಚಹಾ ಚೆಲ್ಲಿದರೂ ಕೆಡದ ಕೀಬೋರ್ಡು ಸೇರಿತು. ಇಷ್ಟಾದರೂ ಕಾರ್ಡು ಹೋದದ್ದರಿಂದ ಒಟ್ಟು ದರ ಇಳಿದೇ ಇತ್ತು. ನನಗೆ ಗೆಲ್ಲುತ್ತಿದ್ದೇನೆ ಎನ್ನಿಸಿತು.

“ಇನ್ನೊಂದು ಮಾಡ್ತೀನ್ರಿ ಅಕ್ಕಾರ. ಸ್ಕ್ರೀನ್ ಮ್ಯಾಲ ಏನ್ ಬರ್ತೈತಿ, ಅದನ್ನ ಓದಿ ಹೇಳೋದು ಚಾಲೂ ಮಾಡಸಿ ಕಳಸ್ತೀನಿ. ಅಕ್ಷರಾನೂ ದೊಡ್ಡು ಮಾಡಸ್ತೀನಿ. ಅದಕ್ಕ ರೊಕ್ಕ ಇಲ್ರಿ.”

ಪುಕ್ಕಟೆ ಎಂದಮೇಲೆ ಬೇಡವೆನ್ನುವುದು ನಮ್ಮ ಮನೆತನದಲ್ಲಿಲ್ಲ.

ನಮ್ಮ ಮನೆಯವರು ಪೇಪರ್ ಕೆಳಗಿಟ್ಟು ಪಿಸುಗುಟ್ಟಿದರು: “ಇನ್ನೊಂದು ಪ್ರಶ್ನೆ ಕೇಳಿದ್ರ ನಮ್ಮಪ್ಪನ್ನ ಕೊಂದ ಬಿಡ್ತಿ ನೀ. ಖರೇ ಹೇಳಬಾರದಾ ಅವಗ?”

“ನೀವು ಸುಮ್ನಿರ್ರಿ. ನಿಮಗ ವ್ಯಾಪಾರ ತಿಳಿಯಂಗಿಲ್ಲ.”

ಆದರೂ ಕಾರ್ಡಿನ ಚಿಂತೆ ಕೊರೆಯುತ್ತಿತ್ತು. ಕೊನೆಗೊಂದು ದಾರಿ ಹೊಳೆಯಿತು. “ಏನಿಲ್ಲಪಾ,” ಎಂದೆ ಆದಷ್ಟು ಉದಾಸೀನದಿಂದ, “ನಮ್ಮ ಮಾವನೋರಿಗೆ ಕಂಪ್ಯೂಟರ್‌ನಾಗ ಕಾರ್ ರೇಸ್ ಆಡೋ ಚಟ ಐತಿ.”

ಶಿವರಾಜನ ದನಿ ತೇವವಾಯಿತು.

“ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ಈ ವಯಸ್ಸಿನಾಗ ಆ ಆಟ ಚೊಲೊ ಅಲ್ರಿ. ಬಿಪಿ ಏರತೈತಿ. ನಮ್ಮ ಅಜ್ಜ ಟಿವಿಯಾಗ ಕುಸ್ತಿ ನೋಡೇ ದವಾಖಾನಿ ಪಾಲಾಗಿದ್ದ. ನಾ ಆ ಕಾರ್ಡು ಕೊಡಂಗಿಲ್ರಿ.”

“ಬೇಕಂದ್ರ ಆಮ್ಯಾಲ ಹಾಕಿಸಬಹುದಲ್ಲ?”

“ಇಲ್ರಿ. ಈಗ ಹಾಕಿದ್ರಷ್ಟ. ಆಮ್ಯಾಲ ಹಾಕಾಕ ಬರಂಗಿಲ್ಲ. ವಾಪಸ್ಸೂ ತಗೊಳ್ಳಂಗಿಲ್ರಿ ಇದನ್ನ.”

ಇವತ್ತು ಬಿಟ್ಟರೆ ನಾಳೆ ಸಿಗುವುದಿಲ್ಲ ಎಂಬ ಈ ಬೆದರಿಕೆಯನ್ನು ನಾನು ಕುಕ್ಕರ್ ಅಂಗಡಿಯಲ್ಲೂ ಕೇಳಿದ್ದೇನೆ. ಶುದ್ಧ ಸುಳ್ಳೆಂದು ತೀರ್ಮಾನಿಸಿ ಹಣ ಕಟ್ಟಿದೆ. ಆ ಹುಡುಗ ಮೊದಲಿನಿಂದ ಕೊನೆಯವರೆಗೆ ನಿಜವನ್ನೇ ಹೇಳಿದ್ದ. ಅಂಗಡಿಯಲ್ಲಿ ನಿಜದ ಮುಖ ಎಂದೂ ಕಂಡಿರದ ನನಗೆ ಗುರುತು ಹತ್ತಲಿಲ್ಲ.

ಲ್ಯಾಪ್‌ಟಾಪು ತಡವಾಗಿ, ಬಿಲ್ಡರ್ ಮೀಟಿಂಗಿನ ಹಿಂದಿನ ದಿನ ಬಂತು. ಡಬ್ಬ ನೋಡಿ ಮಿಕ್ಸರ್ ಕಳಿಸಿದರೇನೋ ಎಂದುಕೊಂಡೆ. ತೆರೆದರೆ ಅಕ್ಷರಗಳು ಸಿಟಿ ಬಸ್ಸಿನ ಬೋರ್ಡಿನಷ್ಟು ದಪ್ಪ. ಯಾವುದರ ಮೇಲೆ ಬೆರಳಿಟ್ಟರೂ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಅದರ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ. ಮೇಲಿನ ಮನೆಯವರು ಇಳಿದು ಬಂದು, ಯಾರಾದರೂ ನೆಂಟರು ಬಂದಿದ್ದಾರಾ ಎಂದು ಕೇಳಿದರು. ಅವನ ಬಾಯಿ ಮುಚ್ಚಿಸುವ ದಾರಿ ತಿಳಿಯಲಿಲ್ಲ.

“ಆ ಶಿವರಾಜಗ ಫೋನ್ ಹಚ್ಚು,” ಎಂದರು ನಮ್ಮ ಮನೆಯವರು.

“ಹೆಂಗ ಹಚ್ಚಲಿ? ಹಿರಿಯರಿಗೆ ಕೊಡ್ರಿ ಅಂದ್ರ ಏನ್ ಮಾಡ್ಲಿ?”

ಲ್ಯಾಪ್‌ಟಾಪಿನ ಧ್ವನಿಯನ್ನು ಪೂರ್ತಿ ಬಂದ್ ಮಾಡಿ ಆ ಸಮಸ್ಯೆ ಮುಗಿಸಿದೆ. ಅಡುಗೆಮನೆಯ ಡಿಸೈನು ಮಾತ್ರ ಗಜಗರ್ಭದಂತೆ ನಿಧಾನವಾಗಿ ಹೊರಬರುತ್ತಿತ್ತು. ಹಳೆಯದು ನಿಂತಾದರೂ ಬಿಡುತ್ತಿತ್ತು. ಇದು ನಿಲ್ಲುವುದೂ ಇಲ್ಲ, ಓಡುವುದೂ ಇಲ್ಲ. ಆ ರಾತ್ರಿ ನನಗೆ ನಿಜವಾಗಿ ಅಳು ಬಂತು.

ಉಪ್ಪಲ್‌ನ ಆಫೀಸಿನಲ್ಲಿ ಬಿಲ್ಡರ್ ಸಾಹೇಬರು ಮರ್ಯಾದೆಯಿಂದ ಕೂಡಿಸಿದರು. ಅವರ ಗುಮಾಸ್ತ ನನ್ನ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ಗೋಡೆಯ ದೊಡ್ಡ ಟಿವಿಗೆ ಜೋಡಿಸಿದ. ಅಡುಗೆಮನೆ ತುಂಡು ತುಂಡಾಗಿ ಮೂಡತೊಡಗಿತು. ಮೊದಲು ಸಿಂಕು, ಬಹಳ ಹೊತ್ತಿನ ಮೇಲೆ ನಲ್ಲಿ.

“ಮೇಡಂ, ಈಗ ಕಟ್ಟುತ್ತಿದ್ದಾರಾ?” ಎಂದರು ಸಾಹೇಬರು ಹಿಂದಿಯಲ್ಲಿ.

ಡಿಸೈನ್ ಆಮೇಲೆ ನೋಡೋಣ, ಮೊದಲು ರೇಟಿನ ಮಾತಾಡೋಣ ಎಂದು ನಾನೇ ಅಂದೆ. ನನ್ನ ದರ ಹೇಳಿ, ಇದಕ್ಕಿಂತ ಒಂದು ಪೈಸೆ ಇಳಿದರೂ ನಮ್ಮ ಮನೆಯಲ್ಲಿ ಒಲೆ ಹತ್ತುವುದಿಲ್ಲವೆಂದು ಗಂಭೀರವಾಗಿ ಘೋಷಿಸಿದೆ. ಲೆಕ್ಕ ತೋರಿಸಲು ಮೊದಲ ಫೈಲಿನ ಹೆಸರಿನ ಮೇಲೆ ಬೆರಳಿಟ್ಟೆ.

“ಬಿಲ್ಡರ್ ಫಸ್ಟ್ ರೇಟ್,” ಎಂದಿತು ಟಿವಿ.

ನಾನು ಮುಚ್ಚಿದ್ದು ಲ್ಯಾಪ್‌ಟಾಪಿನ ಬಾಯಿ. ಟಿವಿಯದು ತೆರೆದೇ ಇತ್ತು! ಗಾಬರಿಯಲ್ಲಿ ಬೆರಳು ಕೆಳಗಿನ ಫೈಲಿಗೆ ಸರಿಯಿತು.

“ಬಿಲ್ಡರ್ ಸೆಕೆಂಡ್ ರೇಟ್, ಇಫ್ ಹಿ ಮೇಕ್ಸ್ ಫೇಸ್.”

ಈಗ ನನ್ನ ಕೈ ನಿಜವಾಗಿಯೂ ನಡುಗುತ್ತಿತ್ತು. ಇನ್ನೂ ಕೆಳಗೆ ಸರಿಯಿತು.

“ಬಿಲ್ಡರ್ ಲಾಸ್ಟ್ ರೇಟ್, ಡು ನಾಟ್ ಶೋ.”

ಮುಚ್ಚಲು ಹೋಗಿ ಎಂಟರ್ ಒತ್ತಿದೆ. ಫೈಲು ಗೋಡೆಯ ತುಂಬ ತೆರೆದುಕೊಂಡಿತು. ಸಾಹೇಬರಿಗೆ ಕನ್ನಡಕವನ್ನು ಜೇಬಿನಿಂದ ತೆಗೆಯುವ ಅಗತ್ಯವೂ ಬೀಳಲಿಲ್ಲ. ಲ್ಯಾಪ್‌ಟಾಪಿನ ಆ ಗಂಡಸು ವಾರ್ತೆ ಓದುವವರ ಹಾಗೆ ಸ್ಪಷ್ಟವಾಗಿ, ಒಂದು ರೂಪಾಯಿಯೂ ಬಿಡದೆ, ಕೊನೆಯ ದರವನ್ನು ಓದಿ ಮುಗಿಸಿದ.

ಸಾಹೇಬರು ಚಹಾ ತರಿಸಿದರು. “ಮೇಡಂ, ಇಷ್ಟು ವರ್ಷಗಳಲ್ಲಿ ಲಾಸ್ಟ್ ರೇಟನ್ನು ತಾವಾಗಿಯೇ ಹೇಳಿದ ಪಾರ್ಟಿ ನೀವೊಬ್ಬರೇ. ನನಗೆ ಒಪ್ಪಿಗೆ,” ಎಂದರು.

ನನಗೆ ಒಪ್ಪಿಗೆಯಿಲ್ಲವೆಂದು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದೆ. ಯಾರೂ ಕರೆಯಲಿಲ್ಲ. ಹಿಂದಕ್ಕೆ ಬಂದು ಚಹಾ ಕುಡಿದೆ.

ಕೆಲಸವೇನೋ ಸಿಕ್ಕಿತು. ಆದರೆ ಆ ದರದಲ್ಲಿ ಕಾರ್ಖಾನೆಯವರಿಗೂ ಬಡಗಿಗಳಿಗೂ ಕೊಟ್ಟರೆ ನನಗೆ ಉಳಿಯುವುದು ಆಟೋ ಚಾರ್ಜು. ಮಳಿಗೆಯ ಕನಸು ಅಲ್ಲಿಗೇ ಮುಗಿಯಿತು, ಇವತ್ತಿಗೂ ನಾವು ಊಟಕ್ಕೆ ನೆಲದ ಮೇಲೆ ಕೂರುತ್ತೇವೆ. ನನ್ನ ಹೆಸರು ಬೋರ್ಡಿನ ಮೇಲೆ ಬರಲಿಲ್ಲವೆಂಬ ದುಃಖ ಇದ್ದೇ ಇದೆ. ಹಾಗಂತ ಉಪ್ಪಲ್‌ನಲ್ಲಿ ನನಗೆ ಹೆಸರಿಲ್ಲವೆಂದಲ್ಲ. ಈಗ ಕೆಲಸ ನೋಡಲು ಹೋದಾಗಲೆಲ್ಲ ಗೇಟಿನಲ್ಲಿ ನಿಂತ ವಾಚ್‌ಮನ್ ಎದ್ದು ಸೆಲ್ಯೂಟ್ ಹೊಡೆದು, ಒಳಗೆ ಫೋನ್ ಮಾಡಿ, ನಾನು ಬಂದಿದ್ದೇನೆಂದು ತೆಲುಗಿನಲ್ಲಿ ಬಹಳ ಗೌರವದಿಂದ ಹೇಳುತ್ತಾನೆ:

“ಸಾರ್, ಲಾಸ್ಟ್ ರೇಟ್ ಮೇಡಂ ವಚ್ಚಾರು.”