ಸುಣ್ಣದ ಗೋಡೆಯ ಪ್ರಯೋಗಾಲಯ

ನಮ್ಮ ಸೋದರಮಾವನಷ್ಟು ಸಿಟ್ಟಿನ ಮನುಷ್ಯ ಇಡೀ ಇಂಡಿ ತಾಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಇದ್ದರೆ ಅದು ನಾನೇ! ಮಾಮಾ ಚಹಾ ಆರಿದ್ದರೂ ಸಿಟ್ಟಾಗುತ್ತಿದ್ದರು, ನಾಲಿಗೆ ಸುಟ್ಟರೂ ಸಿಟ್ಟಾಗುತ್ತಿದ್ದರು. ಬಸ್ಸು ತಡವಾದರೆ ಕಂಡಕ್ಟರನಿಗೆ ಬೈಗುಳ, ಬೇಗ ಬಂದರೆ, "ನಿನಗೇನ್ ಅಷ್ಟ ಅವಸರ ಬಿದ್ದಿತ್ತು?" ಎಂದು ಮತ್ತೊಂದು ಕಂತು. ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರಾಗಿದ್ದ ಇಂಥವರ ಕೈಗೆ ಸಂಸ್ಥೆಯವರು ಹೊಸ ವಿಜ್ಞಾನ ಕಟ್ಟಡದ ನಕಾಶೆ ಕೊಟ್ಟು, "ಒಂದೀಟು ನೋಡ್ರಿ" ಎಂದರಲ್ಲ, ಅವರಿಗೆ ಬುದ್ಧಿ ಇತ್ತೇ?

ನನ್ನ ಸಿಟ್ಟಿಗೆ ಬೇರೆಯೇ ಕಾರಣವಿತ್ತು. ಎಪ್ಪತ್ತರ ದಶಕ, ನಾನಾಗ ಒಂಬತ್ತನೆಯ ಇಯತ್ತೆಯ ಹುಡುಗಿ. ಹಳೆಯ ಪ್ರಯೋಗಾಲಯವೆಂದರೆ ಒಂದು ಗೂಡಿನಂಥ ಕೋಣೆ, ಅದರಲ್ಲೊಂದು ಮೇಜು, ಮೇಜಿನ ಸುತ್ತ ಗಂಡುಹುಡುಗರು. ಹುಡುಗಿಯರು ಹೊರಗೆ ನಿಂತು ಕಿಟಕಿಯಿಂದ ನೋಡಬೇಕು. ನೋಡುವುದೇನು? ಹುಡುಗರ ಬೆನ್ನು! ಆಮ್ಲದಲ್ಲಿ ಅದ್ದಿದ ನೀಲಿ ಲಿಟ್ಮಸ್ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ, ಹುಡುಗರ ಅಂಗಿಯ ಬಿಳಿಗೆ ಎಂದು ಬರೆದುಬಿಡಬೇಕು ಅನಿಸುತ್ತಿತ್ತು. ಮಾಮಾ ಹೆಡ್‌ಮಾಸ್ತರರ ಜೊತೆ ಎಷ್ಟು ಜಗಳಾಡಿದರೂ "ಜಾಗಾ ಎಲ್ಲೈತ್ರಿ?" ಎಂಬ ಒಂದೇ ಉತ್ತರ.

ಹೊಸ ನಕಾಶೆಯಲ್ಲಿ ಜಾಗವೇನೋ ಧಾರಾಳವಾಗಿತ್ತು. ಆದರೆ ಅದೆಲ್ಲ ಸಂಸ್ಥೆಯ ಚೇರ್ಮನ್ನರು ಕೂರುವ ಖೋಲಿಗೆ ಹೋಗಿತ್ತು! ಪ್ರಯೋಗಾಲಯ ಮಾತ್ರ ಮತ್ತದೇ ಗೂಡು. ವಿಜ್ಞಾನ ಕಟ್ಟಡದಲ್ಲಿ ಚೇರ್ಮನ್ನರು ಕೂತು ಯಾವ ಪ್ರಯೋಗ ಮಾಡುವವರಿದ್ದರೋ! ಮಾಮಾ ನಕಾಶೆಯನ್ನು ಮಡಚಿ ಒಗೆದರು.

"ಹಾಳ್ಯಾಗ ಎಲ್ಲಾ ಚಂದನ ಕಾಣಸ್ತೈತಿ. ಹಾಳ್ಯಾಗ ಯಾರರ ನಿಂದ್ರತಾರೇನು?"

ಮರುದಿನವೇ ಬಕೆಟ್ಟಿನಲ್ಲಿ ಸುಣ್ಣದ ಪುಡಿ ಹಿಡಿದು ಶಾಲೆಯ ಮೈದಾನಕ್ಕಿಳಿದರು. ತಾವು ಬಯಸಿದ ಕಟ್ಟಡವನ್ನು ನೆಲದ ಮೇಲೆ ಪೂರಾ ಅಳತೆಯಲ್ಲಿ ಬರೆದರು. ಗೋಡೆ, ಬಾಗಿಲು, ಕಿಟಕಿ, ದೊಡ್ಡ ಪ್ರಯೋಗಾಲಯ, ಅದರ ನಡುವೆ ಹುಡುಗಿಯರಿಗೊಂದು ಮೇಜು. ಅಲ್ಲಿಗೆ ಬಿಟ್ಟಿದ್ದರೆ ಅವರು ನಮ್ಮ ಮಾಮಾ ಹೇಗಾಗುತ್ತಿದ್ದರು? ಸುಣ್ಣ ಹಾಕಿದ ಗಳಿಗೆಯಿಂದ ಅವರ ಮಟ್ಟಿಗೆ ಕಟ್ಟಡ ಎದ್ದು ನಿಂತಿತ್ತು!

ಹೆಡ್‌ಮಾಸ್ತರರು ಕೊಡೆ ಹಿಡಿದು ಮೈದಾನಕ್ಕೆ ಅಡ್ಡ ಹಾಯ್ದು ಬರುತ್ತಿದ್ದರು. "ನಿಂದರ್ರಿ! ಅಲ್ಲಿ ಗ್ವಾಡಿ ಐತಿ, ಕಣ್ಣ ಕಾಣಂಗಿಲ್ಲೇನ್ರಿ?" ಎಂದು ಮಾಮಾ ಗುಡುಗಿದರು. ಪಾಪ, ಅವರು ಹಿಂದೆ ಹೋಗಿ ಬಾಗಿಲಿನಿಂದಲೇ ಬಂದರು. ಬರುವಾಗ ಕೊಡೆಯನ್ನೂ ಮಡಚಿದರು! ಇನ್ನೊಂದು ದಿನ ಯಾರದೋ ಎಮ್ಮೆ ನೇರ ಪ್ರಯೋಗಾಲಯಕ್ಕೆ ನುಗ್ಗಿ ಸಗಣಿ ಹಾಕಿತು. ಮಾಮಾ ಎಮ್ಮೆಗೆ ಏನೂ ಅನ್ನಲಿಲ್ಲ. ಅದರ ಮಾಲಕನನ್ನು ಹಿಡಿದು, "ಬಾಗಲದಾಗಿಂದರ ಹೊಡಕೊಂಡ ಬರಬಾರದೇನೋ?" ಎಂದು ಕೇಳಿದರು.

ಸುದ್ದಿ ಚೇರ್ಮನ್ ಗೌಡರಿಗೆ ಮುಟ್ಟಿತು. ತಮ್ಮ ಖೋಲಿಯೇ ಮಾಯವಾದರೆ ಯಾರು ಸುಮ್ಮನಿರುತ್ತಾರೆ? ಮಟಮಟ ಮಧ್ಯಾಹ್ನ ಬುಸುಗುಡುತ್ತ ಬಂದವರು, ಸುಣ್ಣದ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟರು! ಮನೆಯಾಗಲಿ, ಗುಡಿಯಾಗಲಿ, ಹೊಸ್ತಿಲು ಕಂಡರೆ ನಮ್ಮ ಕಡೆಯವರ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ. ಅಲ್ಲಿಗೆ ಗೌಡರು ಕೆಟ್ಟರು.

"ಒಳಗ ಬರ್ಲೇನ್ರಿ ಮಾಸ್ತರ?"

"ಬ್ಯಾಡ್ರಿ. ನೀವು ಆ ಕಿಡಕಿ ಮುಂದ ನಿಂದರ್ರಿ."

ಗೌಡರು ತಬ್ಬಿಬ್ಬಾಗಿ ಹೋಗಿ ನಿಂತರು, ಕಾದ ನೆಲದ ಮೇಲೆ, ಬರಿಗಾಲಲ್ಲಿ! ಮಾಮಾ ಹಳೆಯ ಕೋಣೆಯಿಂದ ಆಮ್ಲ ತರಿಸಿ, ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ನಡುವೆ ಕೂತು ಲಿಟ್ಮಸ್ ಅದ್ದಿದರು.

"ಯಾವ ಬಣ್ಣಾ ಆತ್ರಿ ಗೌಡ್ರ?"

"ಹುಡುಗೋರ ಬೆನ್ನ ಅಡ್ಡ ಬರಾಕತ್ತಾವು. ಏನೂ ಕಾಣವಲ್ದು!"

"ನಿಮ್ಮ ಮೊಮ್ಮಗಳೂ ಹಿಂಗ ನಿಂತಾಳ್ರಿ, ಸಾಲಿ ಚಾಲೂ ಆದಾಗಿಂದ."

ಗೌಡರ ಮುಖ ಕೆಂಪಾಯಿತು. "ಹುಡುಗ್ಯಾರಿಗೆ ಇದೆಲ್ಲಾ ಯಾತಕ್ಕ ಬೇಕ್ರಿ? ನಾಳೆ ಲಗ್ನಾ ಆಗಿ ಹೋಗೋವ್ರು."

"ಹಂಗಂದ್ರ ಕಿಡಕಿ ಮುಂದರ ಯಾಕ ನಿಂದ್ರಸ್ತೀರಿ? ಮನಿಗೆ ಕಳಸ್ರಿ! ಅವರ ಹಿಂದ ನಾನೂ ಹೊಂಟೆ. ಬ್ಯಾರೆ ಮಾಸ್ತರನ್ನ ಹುಡಿಕ್ಯೋರಿ!"

ಮಾಮಾ ಹೇಳಿದರೆ ಮಾಡುವವರೇ. ಗೌಡರು ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಎತ್ತುತ್ತಿದ್ದರು.

"ಕಾಲ ಸುಡಾಕತ್ತಾವ್ರಿ ಮಾಸ್ತರ, ಒಳಗ ಕರೀರಿ!"

"ನೀವು ಹುಡುಗ್ಯಾರ್ನ ಒಳಗ ಕರ್ಯೋದಾದ್ರ ಬರ್ರಿ."

"ಕರೀತೇನಿ, ಕರೀತೇನಿ! ಮೊದಲ ಬಾಗಲಾ ತಗೀರಿ!"

ಒಂದು ಹೆಜ್ಜೆ ಎತ್ತಿಟ್ಟರೆ ಮುಗಿಯುತ್ತಿತ್ತು! ಅದು ಗೌಡರಿಗೂ ಹೊಳೆಯಲಿಲ್ಲ. ಮಾಮಾ ಗಂಭೀರವಾಗಿ ಎದ್ದು ಹೋಗಿ, ಇಲ್ಲದ ಅಗಳಿ ಸರಿಸಿ, ಇಲ್ಲದ ಬಾಗಿಲು ತೆರೆದರು.

ಗೌಡರು ಮಾತಿಗೆ ತಪ್ಪಲಿಲ್ಲ. ಸುಣ್ಣ ಬಿದ್ದಲ್ಲೇ ಗೋಡೆ ಎದ್ದವು. ಶಿಲಾಫಲಕದಲ್ಲಿ ಮಾಮಾನ ಹೆಸರಿರಲಿಲ್ಲ. ಅದನ್ನು ನೋಡಿ ಸಿಟ್ಟಾದರು ನಿಜ, ಆದರೆ ಕಲ್ಲು ಸೊಟ್ಟ ಕೂತಿದೆ ಎಂದು!

ಹೊಸ ಪ್ರಯೋಗಾಲಯದ ಮೊದಲ ದಿನ ಮಾಮಾ ನನ್ನ ಕೈಗೆ ಗಾಜಿನ ಪ್ರನಾಳ ಕೊಟ್ಟರು. ಅಷ್ಟು ದಿನ ಹಂಬಲಿಸಿದ ವಸ್ತು ಕೈಗೆ ಬಂದ ಗಳಿಗೆಯಲ್ಲೇ ಜಾರಿ ಬಿದ್ದು ಚೂರಾಯಿತು. ಗುಡುಗಿಗೆ ನಾನು ಹಲ್ಲು ಕಚ್ಚಿ ಕಾಯುತ್ತ ನಿಂತೆ. ಬೈದರೆ ತಿರುಗಿ ಬೈಯಲು ಮಾತೂ ಜೋಡಿಸಿಕೊಂಡಿದ್ದೆ.

ಮಾಮಾ ಹತ್ತಿರ ಬಂದು ನನ್ನ ಅಂಗೈ ತಿರುವಿ ತಿರುವಿ ನೋಡಿದರು. "ಎಲ್ಲೂ ಚುಚ್ಚಿಲ್ಲಲ್ಲ, ಯವ್ವಾ?" ಎಂದರು. ಆಮೇಲೆ ತಾವೇ ನೆಲಕ್ಕೆ ಕೂತು ಚೂರು ಆರಿಸಿ, ಇನ್ನೊಂದು ಪ್ರನಾಳವನ್ನು ನನ್ನ ಬೆರಳುಗಳ ನಡುವೆ ಇಟ್ಟರು.

"ಹಿಡಿ. ಇದೂ ಒಡದ್ರ ಮತ್ತೊಂದ ಕೊಡ್ತೇನಿ."

ಆ ದನಿಯನ್ನು ನಾನು ಅವರಲ್ಲಿ ಎಂದೂ ಕೇಳಿರಲಿಲ್ಲ. ಜೋಡಿಸಿಕೊಂಡ ಮಾತೆಲ್ಲ ಬಿಟ್ಟು, ಆಮ್ಲ ಸುರಿದು, ಲಿಟ್ಮಸ್ ಇಳಿಬಿಟ್ಟೆ. ಕಣ್ಣ ಮುಂದೆಯೇ ಇತ್ತು, ಅಡ್ಡ ಯಾರ ಬೆನ್ನೂ ಇರಲಿಲ್ಲ. ಆದರೂ ಕಣ್ಣು ತುಂಬಿ ಬಂದು, ಬಣ್ಣ ತಿರುಗಿದ್ದು ನನಗೆ ಕಾಣಲೇ ಇಲ್ಲ.