ಸೀಮೆಬದನೆ ಯಾರ ಪೈಕಿ?

ಆ ದಿನ ಬೆಳಿಗ್ಗೆಯೂ ನಮ್ಮತ್ತೆ ಎಂದಿನಂತೆ ತರಕಾರಿಗಳಿಗೆ ನೆಂಟರನ್ನು ಹುಡುಕಿಕೊಡುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತು. ಬೀದಿ ತುದಿಯ ಬೇಕರಿಯಿಂದ ಬನ್ನಿನ ವಾಸನೆ ತೇಲಿಬರುವ ಹೊತ್ತು. ಲೋಕದ ಬೇರೆಲ್ಲ ಅತ್ತೆಯರು ಸೊಸೆ ಹಾಕಿದ ರಂಗೋಲಿಯಲ್ಲಿ ಸೊಟ್ಟ ಹುಡುಕುವ ಹೊತ್ತು. ನಮ್ಮತ್ತೆಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಅಡುಗೆಮನೆಯ ನೆಲದ ಮೇಲೆ ಬುಟ್ಟಿಗಳನ್ನು ಹರಡಿಕೊಂಡು ಕೂತಿದ್ದರು. ಬದನೆ, ಟೊಮೆಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ ಒಂದು ಬುಟ್ಟಿಗೆ, ಏಕೆಂದರೆ ಇವೆಲ್ಲ ಒಂದೇ ಕುಟುಂಬ. ಸೌತೆ, ಹೀರೆ, ಪಡವಲ, ಹಾಗಲ, ಕುಂಬಳ ಇನ್ನೊಂದಕ್ಕೆ. ನುಗ್ಗೆಕಾಯಿ ಮಾತ್ರ ಒಂಟಿಯಾಗಿ ಬಾಗಿಲ ಮೂಲೆಗೆ ಒರಗಿ ನಿಲ್ಲಬೇಕು, ಪಾಪ. ಅದಕ್ಕೆ ಹೇಳಿಕೊಳ್ಳುವಂಥ ದಾಯಾದಿಗಳಿಲ್ಲವಂತೆ.

ನಮ್ಮ ತವರಿನಲ್ಲಿ ತರಕಾರಿಗೆ ಎರಡೇ ಜಾತಿ ಇತ್ತು: ಇವತ್ತು ಮಾಡದಿದ್ದರೆ ಕೊಳೆಯುವಂಥದ್ದು, ನಾಳೆಯವರೆಗೂ ತಡೆಯುವಂಥದ್ದು. ಆ ಅಭ್ಯಾಸಬಲದಿಂದ ನಾನು ಸೀಮೆಬದನೆಕಾಯನ್ನು ಬದನೆಕಾಯಿಯ ಪಕ್ಕದಲ್ಲಿ ಇಟ್ಟುಬಿಟ್ಟೆ.

"ಅಯ್ಯೋ ಅಯ್ಯೋ, ಅಲ್ಲಿಡ್ಬೇಡ್ವೇ!" ಅತ್ತೆ ಹಾವು ಕಂಡವರಂತೆ ಕೈ ಚಾಚಿದರು. "ಬದನೆ ಅಂತ ಹೆಸರಿಟ್ಟ ಮಾತ್ರಕ್ಕೆ ಬದನೆ ಆಗ್ಬಿಡುತ್ತಾ? ಇದು ಬಳ್ಳೀಲಿ ಬಿಟ್ಟಿದ್ದು. ಕುಂಬಳದ ಪೈಕಿ ಕಣೆ ಇದು."

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆ ದಿನ ಮಾತ್ರ ಆ ಮಾತು ಎದೆಗೆ ಚುಚ್ಚಿತು. ಕಾರಣವಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಆಸ್ಪತ್ರೆ, ಹರಕೆ ಎಲ್ಲ ಮುಗಿಸಿ, ನಾನೂ ನಮ್ಮವರೂ ಒಂದು ಅನಾಥಾಶ್ರಮದಲ್ಲಿ ಮಗುವಿಗಾಗಿ ಕೇಳಿಕೊಂಡಿದ್ದೆವು. ಅಲ್ಲಿ ಒಂದು ಹೆಣ್ಣುಮಗು ಇತ್ತು. ಕೊಡುವ ಮುಂಚೆ ಮನೆ ನೋಡಲು, ಮನೆಯವರ ಮನಸ್ಸು ತಿಳಿಯಲು ಅವತ್ತು ಮಧ್ಯಾಹ್ನ ಅಲ್ಲಿಂದ ಒಬ್ಬ ಮೇಡಂ ಬರುವವರಿದ್ದರು. ಭಾನುವಾರ ಊಟವಾದ ಮೇಲೆ ನಮ್ಮವರು ಅತ್ತೆಗೆ ವಿಷಯ ತಿಳಿಸಿದ್ದರು. ಅತ್ತೆ "ಹೂಂ" ಎಂದರು. ಅಷ್ಟೇ! ಹಿಂದೆ ಇಲ್ಲ, ಮುಂದೆ ಇಲ್ಲ. ಸುಣ್ಣದ ಡಬ್ಬಿಯ ವಿಚಾರಕ್ಕೂ ಅರ್ಧ ಗಂಟೆ ಪಾಠ ಮಾಡುವ ಬಾಯಲ್ಲಿ ಅಷ್ಟು ದೊಡ್ಡ ವಿಷಯಕ್ಕೆ ಒಂದೇ ಒಂದು "ಹೂಂ". ತಲತಲಾಂತರದಿಂದ ಬದನೆ ಎಂದು ಕರೆಸಿಕೊಂಡ ಕಾಯನ್ನೇ ಬದನೆಯ ಬುಟ್ಟಿಗೆ ಸೇರಿಸದ ಈ ಮಹಾತಾಯಿ, ಎಲ್ಲೋ ಹುಟ್ಟಿದ ಮಗುವನ್ನು ನಮ್ಮ ಬುಟ್ಟಿಗೆ ಸೇರಿಸಿಯಾರೇ?

ನಮ್ಮತ್ತೆಯ ವೃತ್ತಾಂತ ಸ್ವಲ್ಪ ಹೇಳದಿದ್ದರೆ ನನ್ನ ಭಯ ನಿಮಗೆ ಅರ್ಥವಾಗುವುದಿಲ್ಲ. ಅವರು ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಪಿಯುಸಿಯವರಿಗೆ ಜೀವಶಾಸ್ತ್ರದ ಲ್ಯಾಬು ನಡೆಸುತ್ತಿದ್ದರು. ಲ್ಯಾಬು ತಮ್ಮಲ್ಲಿದೆ ಎಂದು ಕಾಲೇಜಿನವರು ತಿಳಿದಿದ್ದರು. ಮುಖ್ಯ ಶಾಖೆ ಇದ್ದದ್ದು ಫ್ರೇಜರ್ ಟೌನಿನ ನಮ್ಮ ಮನೆಯಲ್ಲಿ! ಆಲೂಗಡ್ಡೆ, ಬದನೆಕಾಯಿ ಹಾಕಿ ಹುಳಿ ಮಾಡಿದರೆ "ಇವತ್ತು ಅಣ್ಣತಮ್ಮಂದಿರ ಊಟ" ಎನ್ನುವರು. ಅದಕ್ಕೇ ಟೊಮೆಟೊ, ಹಸಿಮೆಣಸಿನಕಾಯಿ ಬಿದ್ದರೆ "ಅವಿಭಕ್ತ ಕುಟುಂಬ!" ಒಂದು ದಿನ ಈರುಳ್ಳಿ ಹೆಚ್ಚುತ್ತಾ ನಾನು ಕಣ್ಣೀರು ಸುರಿಸುತ್ತಿದ್ದಾಗ, "ಅಳ್ಬೇಡ, ಇದು ಲಿಲ್ಲಿ ಹೂವಿನ ನೆಂಟ" ಎಂದು ಸಮಾಧಾನ ಹೇಳಿದರು. ನಾನು ಓದಿದ ಕಾನ್ವೆಂಟಿನ ಚಾಪೆಲ್‌ನಲ್ಲಿ ಸಿಸ್ಟರುಗಳು ಅಷ್ಟು ಭಕ್ತಿಯಿಂದ ಬೆಳ್ಳಗಿನ ಲಿಲ್ಲಿಗಳನ್ನು ಜೋಡಿಸುತ್ತಿದ್ದರಲ್ಲ, ಅವರಿಗೆ ಈ ಸಂಬಂಧ ಗೊತ್ತಿತ್ತೋ ಇಲ್ಲವೋ! ಅವತ್ತಿನಿಂದ ಈರುಳ್ಳಿ ಹೆಚ್ಚುವಾಗಲೆಲ್ಲ ನನಗೆ ಪ್ರಾರ್ಥನೆ ನೆನಪಾಗುತ್ತದೆ.

ಇನ್ನು ದೇವರಿಗೆ ಏರಿಸುವ ದಾಸವಾಳದ ಗತಿ ಏನೆನ್ನುತ್ತೀರಿ? ಹೂವು ಕಿತ್ತು ತರುವಷ್ಟರಲ್ಲಿ ಅತ್ತೆಯ ಬೆರಳುಗಳು ತಡೆಯುತ್ತಿರಲಿಲ್ಲ. ಎಸಳು ಒಂದು ಕಡೆ, ತೊಟ್ಟಿನ ಬಟ್ಟಲು ಒಂದು ಕಡೆ, ನಡುವಿನ ಕೇಸರಗಳ ಕೊಳವೆ ಉದ್ದಕ್ಕೆ ಸೀಳಿ ಇನ್ನೊಂದು ಕಡೆ. ಗಣಪತಿಯ ಮುಂದೆ ಎಲ್ಲ ಭಾಗಗಳೂ ಅಚ್ಚುಕಟ್ಟಾಗಿ ಬಿಡಿಬಿಡಿಯಾಗಿ ಬಂದು ಕೂರುತ್ತಿದ್ದವು.

"ಅಮ್ಮ, ದೇವರಿಗೆ ಇಡೀ ಹೂವು ಕೊಡಬಾರದಾ?" ಎಂದು ನಮ್ಮವರು ಒಮ್ಮೆ ಕೇಳಿಯೂ ನೋಡಿದರು.

"ಇಡೀದು ಅವನೇ ಮಾಡಿದ್ದಲ್ವೇನೋ? ಒಳಗಡೆ ನಾವೂ ನೋಡಿದೀವಿ ಅಂತ ಅವನಿಗೂ ಗೊತ್ತಾಗ್ಲಿ!"

ಗಿಡಗಳ ವಿಷಯ ಇಷ್ಟಾದರೆ ತಲೆಗಳದ್ದು ಇನ್ನೊಂದು ಅಧ್ಯಾಯ. ಅತ್ತೆಗೆ ಜನರ ಹೆಸರು ನೆನಪಿರುವುದಿಲ್ಲ, ಬುರುಡೆ ನೆನಪಿರುತ್ತದೆ. "ಆ ಕೆನ್ನೆಮೂಳೆ ಅಗಲ ಇದೆಯಲ್ಲ, ಅವರು ಫೋನ್ ಮಾಡಿದ್ರು" ಎನ್ನುವರು. ನನ್ನನ್ನು ನೋಡಲು ಬಂದ ದಿನ ಹಾಡು ಬರುತ್ತಾ, ಹೊಲಿಗೆ ಬರುತ್ತಾ ಎಂದು ಒಂದು ಮಾತು ಕೇಳಲಿಲ್ಲ. ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, "ಆಹಾ, ಕೆಳದವಡೆ ಎಷ್ಟು ಚೆನ್ನಾಗಿ ಕೂತಿದೆ!" ಎಂದರು. ಒಳಗೆ ಹೋದ ಮೇಲೆ ನಮ್ಮಮ್ಮ, "ಹಸು ಕೊಳ್ಳೋರು ನೋಡ್ದಂಗೆ ನೋಡ್ತಾರಲ್ಲೇ" ಎಂದು ಕಂಗಾಲಾಗಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳುವಂತೆ ಹೇಳಿದರು: "ತಲೆಬುರುಡೇಲಿ ಅಲ್ಲಾಡೋ ದೊಡ್ಡ ಮೂಳೆ ಅಂದ್ರೆ ಕೆಳದವಡೆ ಒಂದೇ ಕಣಮ್ಮ. ನಿನ್ನ ಗಂಡ ಅದನ್ನ ಊಟಕ್ಕೆ ಮಾತ್ರ ಉಪಯೋಗಿಸ್ತಾನೆ. ಮಾತಿಗೆ ಅಂತ ಕಾಯ್ಬೇಡ." ಅದೆಷ್ಟು ನಿಜ ಎಂದು ತಿಳಿಯಲು ನನಗೆ ಹೆಚ್ಚು ಕಾಲ ಹಿಡಿಯಲಿಲ್ಲ.

ಇಂಥ ಅತ್ತೆ, ಮೇಡಂ ಬರುವ ಅದೇ ದಿನ, ತರಕಾರಿ ವಿಂಗಡಿಸಿ ಮುಗಿಸಿ, ಚೀಲ ಹಿಡಿದು ಹೊರಟರು.

"ಎಲ್ಲಿಗತ್ತೆ?"

"ಶಿವಾಜಿನಗರಕ್ಕೆ. ಪ್ರಾಕ್ಟಿಕಲ್ ಪರೀಕ್ಷೆ ಬಂತು, ಲ್ಯಾಬಲ್ಲಿದ್ದ ಬುರುಡೆ ಹುಡುಗೀರು ಬೀಳಿಸಿ ಒಡೆದಿದಾರೆ. ಒಂದು ಕುರಿ ತಲೆ ತರ್ತೀನಿ."

ನಾವು ಈರುಳ್ಳಿಯನ್ನೇ ಹಬ್ಬದ ದಿನ ಮುಟ್ಟದ ಮನೆಯವರು! "ಅತ್ತೆ, ಇವತ್ತು ಅವರು ಬರ್ತಾರೆ" ಎಂದೆ ಅಳುವ ದನಿಯಲ್ಲಿ.

"ಬರ್ಲಿ. ಕುರಿ ಅವರನ್ನೇನು ಮಾಡುತ್ತೆ?"

ಮಾರುಕಟ್ಟೆಯಲ್ಲಿ ನಡೆದದ್ದನ್ನು ಅತ್ತೆಯೇ ಬಂದು ವರದಿ ಒಪ್ಪಿಸಿದರು. ಮಾಂಸದಂಗಡಿಯವನು ನಾಲಿಗೆ ಕತ್ತರಿಸಿ ಕೊಡಲಾ, ಮಿದುಳು ಬೇರೆ ಕಟ್ಟಿಕೊಡಲಾ ಎಂದು ವಿಚಾರಿಸಿದನಂತೆ. "ಅದೆಲ್ಲ ಏನೂ ಬೇಡಪ್ಪ, ನೀನೇ ಇಟ್ಕೋ. ಹಲ್ಲು ಮಾತ್ರ ಒಂದೂ ಬೀಳ್ಬಾರ್ದು" ಎಂದರಂತೆ ಅತ್ತೆ. ಆತ ಕತ್ತಿ ಕೆಳಗಿಟ್ಟು ಇವರ ಕುಂಕುಮ, ಕನ್ನಡಕ, ಇಳಕಲ್ ಸೀರೆಯನ್ನೆಲ್ಲ ನೋಡಿ ಮೆಲ್ಲಗೆ ಕೇಳಿದನಂತೆ: "ಅಮ್ಮಾ, ನೀವು ಹಲ್ಲು ತಿಂತೀರಾ?"

ನಮ್ಮ ಅಡುಗೆಮನೆಯಲ್ಲಿ ಅದನ್ನು ಬೇಯಿಸಲು ನಾನು ಬಿಡಲಿಲ್ಲ; ಅದೊಂದು ವಿಷಯದಲ್ಲಿ ಗಟ್ಟಿಯಾಗಿ ನಿಂತೆ. ಹಾಗಾಗಿ ತಲೆ ಪಕ್ಕದ ಮನೆಯ ಆಪಾ ಅವರ ಹಿತ್ತಲ ಸೌದೆ ಒಲೆಗೆ ಹೋಯಿತು. ಆಪಾ ಅತ್ತೆಯ ವಯಸ್ಸಿನವರು. ನಡುವೆ ಸೊಂಟದೆತ್ತರದ ಕಾಂಪೌಂಡ್ ಗೋಡೆಯೊಂದನ್ನು ಬಿಟ್ಟರೆ ಇಬ್ಬರದೂ ಒಂದೇ ಹಿತ್ತಲು. ಆದರೆ ಆ ಪಾತ್ರೆಯಲ್ಲಿ ಕುದಿಯುತ್ತಿದ್ದದ್ದನ್ನು ನೋಡಿ ಆಪಾಗೆ ಆದ ಸಂಕಟ ಹೇಳತೀರದು.

"ಅರೇ ಟೀಚರಮ್ಮಾ, ಬರೀ ನೀರಲ್ಲಾ? ಒಂಚೂರು ಧನಿಯಾ ಇಲ್ಲ, ಮೆಣಸಿಲ್ಲ, ಶುಂಠಿ ಇಲ್ಲ! ಇಷ್ಟು ಒಳ್ಳೇ ತಲೆ ಹಾಳು ಮಾಡ್ತೀರಲ್ಲ, ಅಲ್ಲಾ ಮೆಚ್ತಾನಾ?"

"ಮಸಾಲೆ ಹಾಕಿದ್ರೆ ಮೂಳೆ ಹಳದಿ ಆಗುತ್ತೆ ಆಪಾ."

"ಆದ್ರೆ ಆಗ್ಲಿ! ಘಮಘಮ ಅನ್ನೋ ಮೂಳೆ ನೋಡಿದ್ರೆ ಹುಡುಗೀರು ಇನ್ನೂ ಚೆನ್ನಾಗಿ ಓದ್ತಾರೆ."

ನಾನು ಹಾಲ್‌ನಲ್ಲಿ ದಿಂಬಿನ ಕವರು ಬದಲಾಯಿಸಿದೆ, ಹೂದಾನಿಯನ್ನು ಅಲ್ಲಿಂದ ಇಲ್ಲಿಗೆ ಇಟ್ಟೆ, ಮತ್ತೆ ಅಲ್ಲಿಗೇ ಇಟ್ಟೆ. ಯಾರ ಮನೆಯಲ್ಲಿ ಮಗು ಸುಖವಾಗಿರುತ್ತದೆ ಎಂದು ಪರೀಕ್ಷಿಸುವವರು ಏನೇನು ನೋಡುತ್ತಾರೋ! ನೀರಿನ ಲೋಟದ ಅಂಚು? ಕಿಟಕಿಯ ಸರಳಿನ ಧೂಳು? ಅದಕ್ಕೆಲ್ಲ ಸಿದ್ಧಳಾಗಿದ್ದೆ. ಆದರೆ ಗೇಟು ಕಿರ್ರೆಂದಾಗ, ಮೇಡಂ ಮುಂಬಾಗಿಲಿಗೆ ಬರದೆ, ಮಾತು ಕೇಳಿಸಿದ ಕಡೆಗೆ, ಪಕ್ಕದ ಓಣಿಯಿಂದ ನೇರವಾಗಿ ಹಿತ್ತಲಿಗೇ ನಡೆದುಬಿಟ್ಟರು. ಅಲ್ಲಿ ಮಗುವಿನ ಅಜ್ಜಿಯಾಗಬೇಕಾದವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬೆಂದು ಬೆಳ್ಳಗಾದ ಬುರುಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುರಿಗೆ ಹಲ್ಲುಜ್ಜುತ್ತಿದ್ದರು. ಬ್ರಷ್ಷು ನಮ್ಮವರದು. ಹಳೆಯದೋ ಹೊಸದೋ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

"ಇದು... ಏನು?" ಎಂದರು ಮೇಡಂ.

"ಕುರಿ. ಬನ್ನಿ, ಹತ್ರ ಬನ್ನಿ, ಏನೂ ಮಾಡಲ್ಲ."

ಮೇಡಂ ಸಭ್ಯರು. ಏನಾದರೂ ಹೇಳಬೇಕಲ್ಲ ಎಂದು, "ಮೇಲಿನ ಹಲ್ಲೆಲ್ಲ ಬಿದ್ಹೋಗಿದೆ ಪಾಪ" ಎಂದರು.

"ಬಿದ್ದಿಲ್ಲಮ್ಮಾ! ಕುರಿಗೆ ಮೇಲ್ಗಡೆ ಮುಂದಿನ ಹಲ್ಲು ಬರೋದೇ ಇಲ್ಲ. ಹುಡುಗೀರೂ ಇಲ್ಲೇ ತಪ್ಪು ಮಾಡ್ತಾರೆ."

ಮುಗಿಯಿತು! ನಮ್ಮನ್ನು ಪರೀಕ್ಷಿಸಲು ಬಂದವರನ್ನು ಅತ್ತೆ ಮೊದಲನೇ ಪ್ರಶ್ನೆಯಲ್ಲೇ ಫೇಲು ಮಾಡಿದರು. ಬಾಗಿಲಲ್ಲಿ ನಿಂತಿದ್ದ ನಮ್ಮವರು ಕಣ್ಣು ಮುಚ್ಚಿಕೊಂಡರು. ಮೇಡಂ ಸೀರೆಯ ಸೆರಗು ಬಿಗಿ ಹಿಡಿದುಕೊಂಡೇ ಕಣ್ಣಿನ ಗೂಡು, ಮೂಗಿನ ಮೂಳೆ, ಬೆನ್ನುಹುರಿ ಇಳಿಯುವ ದೊಡ್ಡ ತೂತು ಎಲ್ಲವನ್ನೂ ನೋಡಬೇಕಾಯಿತು. "ಬುರುಡೆ ಅಂದ್ರೆ ಒಂದೇ ಮಡಕೆ ಅನ್ಕೊಂಡಿದೀರಿ ಅಲ್ವಾ? ಈ ಗೆರೆ ನೋಡಿ. ತುಂಡು ತುಂಡು ಮೂಳೆ. ಹೊಲಿಗೆ ಹಾಕ್ದಂಗೆ ಒಂದಕ್ಕೊಂದು ಕೂಡ್ಕೊಂಡಿದೆ" ಎಂದು ಅತ್ತೆ ಬೆರಳಾಡಿಸಿ ತೋರಿಸಿದರು.

ಅಂತೂ ಎಲ್ಲರೂ ಒಳಗೆ ಬಂದು ಕೂತೆವು. ಕಾಫಿ ಕೊಟ್ಟೆ. ಮೇಡಂ ನಮ್ಮಿಬ್ಬರನ್ನೂ ಅದೂ ಇದೂ ವಿಚಾರಿಸಿ, ಕೊನೆಗೆ ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ಮುಚ್ಚುಮರೆ ಇಲ್ದೆ ಕೇಳ್ತೀನಿ. ಮಗು ನಿಮ್ಮ ರಕ್ತ ಅಲ್ಲ. ಯಾರು ಹೆತ್ತಿದ್ದು ಅಂತ ನಮಗೂ ಗೊತ್ತಿಲ್ಲ. ನಿಮ್ಮ ಮನಸ್ಸಲ್ಲಿ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ನೀವು ಒಪ್ಪದೆ ನಾವು ಮುಂದಕ್ಕೆ ಹೋಗಲ್ಲ."

"ಇದೆ" ಎಂದರು ಅತ್ತೆ.

ನನಗೆ ಬೆಳಗಿನ ಸೀಮೆಬದನೆ ಕಣ್ಣ ಮುಂದೆ ಬಂತು.

"ಮಗೂಗೆ ಈಗ ಎಷ್ಟು ತಿಂಗಳು?"

"ಐದು ತುಂಬುತ್ತೆ."

"ಹಿಂದಿನ ನೆತ್ತಿ ಮುಚ್ಚಿರುತ್ತೆ. ಮುಂದಿನದು ನೋಡಿದೀರಾ?"

"ಅಂದ್ರೆ?"

ಅತ್ತೆ ತಮ್ಮ ಬೈತಲೆಯ ಮೇಲೆ ಎರಡು ಬೆರಳಿಟ್ಟರು. "ಇಲ್ಲಿ. ಮಕ್ಕಳಿಗೆ ಮೂಳೆ ಇನ್ನೂ ಕೂಡಿರಲ್ಲ. ಮೆತ್ತಗಿರುತ್ತೆ, ಮುಟ್ಟಿದ್ರೆ ಜೀವ ಮಿಡಿಯೋದು ಬೆರಳಿಗೆ ಗೊತ್ತಾಗುತ್ತೆ. ಒಂದೂವರೆ ವರ್ಷದ ಹೊತ್ತಿಗೆ ಅದೂ ಮುಚ್ಹೋಗುತ್ತೆ. ನೀವು ಆ ಸಹಿ, ಈ ಕೋರ್ಟು ಅಂತ ಎಳೀತಾ ಕೂತ್ರೆ..." ಅತ್ತೆ ಪಾಠವನ್ನು ಅಲ್ಲಿಗೇ ಬಿಟ್ಟರು. "ನೆತ್ತಿಗೆ ಎಣ್ಣೆ ಒತ್ತೋದು ಅಜ್ಜಿ ಕೆಲಸ ತಾನೆ? ಎಲ್ಲಾ ಮುಚ್ಚಿದ್ಮೇಲೆ ತಂದುಕೊಟ್ರೆ ನಾನು ಎಲ್ಲಿಗೆ ಒತ್ಲಿ?"

ಮೇಡಂ ಕಾಫಿ ಲೋಟವನ್ನು ಕೆಳಗಿಟ್ಟರು. ಆಮೇಲೆ, "ಯಾವ ಎಣ್ಣೆ ಅಮ್ಮಾ?" ಎಂದರು.

"ಹರಳೆಣ್ಣೆ." ಅತ್ತೆ ಮತ್ತೆ ಟೀಚರಾದರು. "ಹರಳು ಯಾವ ಕುಟುಂಬ, ಹೇಳಿ ನೋಡೋಣ?"

ಮೇಡಂ ನಗುತ್ತಾ ಚೀಲ ಹೆಗಲಿಗೇರಿಸಿದರು. "ಮಗೂನ ಕರ್ಕೊಂಡು ಬರೋ ದಿನ ಓದ್ಕೊಂಡು ಬಂದು ಹೇಳ್ತೀನಿ."

ಅವರು ಹೋದ ಮೇಲೆ ಅತ್ತೆ ಏನೂ ಆಗದವರಂತೆ ಬುರುಡೆಯನ್ನು ಒಣಗಲು ತಾರಸಿಗೆ ಒಯ್ದರು. ನಾನು ಅಡುಗೆಮನೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ಸಂಜೆ ಹಿತ್ತಲಿಗೆ ಬಟ್ಟೆ ತೆಗೆಯಲು ಹೋದೆ. ಗೋಡೆಯಾಚೆ ಆಪಾ ಪಾತ್ರೆಗೆ ಬೂದಿ ಹಾಕಿ ತಿಕ್ಕುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

"ಬೇಟಿ, ಟೀಚರಮ್ಮಂಗೆ ಹೇಳ್ಬಿಡು. ಭಾನುವಾರ ಸಾಯಂಕಾಲ ಬಂದು ತೊಟ್ಟಿಲು ಕೇಳಿದ್ರಲ್ಲ, ಅಟ್ಟದಿಂದ ಇಳ್ಸಿದೀವಿ. ಒಂದು ಕಾಲು ಸ್ವಲ್ಪ ಲಟಲಟ ಅನ್ನುತ್ತೆ, ಅಡೀಗೆ ಪೇಪರ್ ಮಡ್ಚಿ ಕೊಟ್ಕೊಳ್ಳಿ."